ಸ್ಮಶಾನದ ಕೆಲಸವೂ ಕಲಿತ ವಿದ್ಯೆ

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನಮಗೆ ಕೈಕಾಲು ಆಡುವುದಿಲ್ಲ. ಆಗ ಫ್ರೀಜರ್ ಬಾಕ್ಸ್ ತರುವವರು, ಚಟ್ಟ ಕಟ್ಟುವವರು, ಗುಂಡಿ ತೋಡುವವರು, ಚಿತಾಗಾರದ ಆಪರೇಟರ್, ಇವರೇ ಎಲ್ಲವನ್ನೂ ನಡೆಸಿಕೊಡುತ್ತಾರೆ. ತಿಥಿ ಮುಗಿಯುವ ಹೊತ್ತಿಗೆ ಅವರ ಮುಖವೂ ನಮಗೆ ನೆನಪಿರುವುದಿಲ್ಲ.

ಇದು ಯಾರು ಬೇಕಾದರೂ ಮಾಡುವ ಕೆಲಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಖಂಡಿತ ಅಲ್ಲ. ಒಂದು ಚಿತೆಗೆ ನಾಲ್ಕೈದು ನೂರು ಕೆ.ಜಿ. ಸೌದೆ ಬೇಕು. ಗಾಳಿಯಾಡುವ ಹಾಗೆ ಜೋಡಿಸದಿದ್ದರೆ ಬೆಂಕಿ ಸರಿಯಾಗಿ ಹಿಡಿಯುವುದಿಲ್ಲ. ವಿದ್ಯುತ್ ಚಿತಾಗಾರದ ಒಲೆಯನ್ನು ನೂರಾರು ಡಿಗ್ರಿಗೆ ಮೊದಲೇ ಕಾಯಿಸಿಟ್ಟಿರಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ತೆಗೆಸಿರಬೇಕು, ಇಲ್ಲದಿದ್ದರೆ ಒಳಗೆ ಸಿಡಿಯಬಹುದು. ಲಿಂಗಾಯತರಲ್ಲಿ ದೇಹವನ್ನು ಕೂರಿಸಿ ಸಮಾಧಿ ಮಾಡುತ್ತಾರೆ, ಅದರ ಗುಂಡಿಯ ಅಳತೆಯೇ ಬೇರೆ. ಮುಸ್ಲಿಮರ ಕಬರಿನಲ್ಲಿ ಮುಖ ಕಿಬ್ಲಾದ, ಅಂದರೆ ಮೆಕ್ಕಾದ ಕಾಬಾದ ಕಡೆಗಿರಬೇಕು. ಇಷ್ಟೆಲ್ಲ ಗೊತ್ತಿರಬೇಕು. ಜೊತೆಗೆ, ಅಳುತ್ತಾ ನಿಂತ ಮಗಳಿಗೆ ಅಸ್ಥಿ ಯಾವಾಗ ಸಿಗುತ್ತದೆ ಅಂತ ಮೆಲ್ಲಗೆ ತಿಳಿಸಬೇಕು. ನನಗಂತೂ ಇದೇ ಎಲ್ಲಕ್ಕಿಂತ ಕಷ್ಟದ ವಿದ್ಯೆ ಅನ್ನಿಸುತ್ತದೆ.

ಕೊರೊನಾ ಎರಡನೇ ಅಲೆಯ 2021ರ ಏಪ್ರಿಲ್, ಮೇ ನೆನಪಿದೆ ಅಲ್ವಾ? ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು. ಗಿಡ್ಡೇನಹಳ್ಳಿ, ತಾವರೆಕೆರೆಯಲ್ಲಿ ಬಯಲಲ್ಲೇ ಚಿತೆಗಳು. ನೆಂಟರೇ ಹತ್ತಿರ ಬರಲು ಹೆದರುತ್ತಿದ್ದಾಗ ಹೆಗಲು ಕೊಟ್ಟವರು ಇವರೇ. ಮರುವರ್ಷ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಇವರಿಗೆ 'ಸತ್ಯ ಹರಿಶ್ಚಂದ್ರ ಬಳಗ' ಅಂತ ಹೆಸರಿಟ್ಟರು. ಒಳ್ಳೆಯ ಹೆಸರೇ. ಆದರೆ ಹರಿಶ್ಚಂದ್ರ ಸ್ಮಶಾನ ಕಾಯುವ ಕಥೆ ಕೇಳಿ ಕಣ್ಣೀರು ಹಾಕುವ ನಾವೇ, ಅದೇ ಕೆಲಸ ಮಾಡುವವರಿಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುತ್ತೇವೆ.

ಇದಕ್ಕೆ ಕಾರಣ ಜಾತಿ, ಸುತ್ತಿ ಬಳಸಿ ಹೇಳುವುದು ಬೇಡ. ತಲೆಮಾರುಗಳಿಂದ ಈ ಕೆಲಸವನ್ನು ಹೆಚ್ಚಾಗಿ ದಲಿತ ಕುಟುಂಬಗಳ ಮೇಲೇ ಹೊರಿಸಿದ್ದೇವೆ. ಹುಟ್ಟಿನಿಂದ ಬಂದದ್ದು ಅಂತ ನಾವೇ ತೀರ್ಮಾನಿಸಿಬಿಟ್ಟೆವು. ಹಾಗಾಗಿ ಅದರಲ್ಲಿ ಕಲಿತದ್ದೂ ಇದೆ ಅಂತ ನಮಗೆ ಹೊಳೆಯಲೇ ಇಲ್ಲ. ಕಲಿಕೆ ಅಂತ ಒಪ್ಪದ ಮೇಲೆ ಅದಕ್ಕೆ ತಕ್ಕ ಸಂಬಳ ಎಲ್ಲಿಂದ ಬರಬೇಕು?

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಫ್ಯೂನರಲ್ ಡೈರೆಕ್ಟರ್, ಅಂದರೆ ಅಂತ್ಯಕ್ರಿಯೆ ನಡೆಸಿಕೊಡುವವರು, ಆಗಲು ಲೈಸೆನ್ಸ್ ಬೇಕು, ಅದಕ್ಕೆಂದೇ ಕಾಲೇಜು ಕೋರ್ಸುಗಳಿವೆ. ನಮ್ಮ ಐಟಿಐಗಳಲ್ಲೂ ಇಂಥದ್ದೊಂದು ಕೋರ್ಸ್ ಬರಲಿ. ಯಾವ ಜಾತಿಯ ಹುಡುಗ ಹುಡುಗಿಯರೇ ಆಗಲಿ, ಬಂದು ಕಲಿಯಲಿ. ಈಗಾಗಲೇ ಮಾಡುತ್ತಿರುವವರಿಗೆ ಅನುಭವದ ಮೇಲೆ ಸರ್ಟಿಫಿಕೇಟ್, ಕಾಯಂ ಕೆಲಸ, ಪಿಎಫ್ ಸಿಗಲಿ. ಅಲ್ಲಿಯವರೆಗೆ ನಿಮ್ಮ ಏರಿಯಾದ ಚಿತಾಗಾರಕ್ಕೆ ಹೋದಾಗ ಒಂದು ಮಾತು ಕೇಳಿ: ಸಂಬಳ ತಿಂಗಳು ತಿಂಗಳು ಬರುತ್ತಿದೆಯಾ, ಗ್ಲೌಸು ಬೂಟು ಕೊಟ್ಟಿದ್ದಾರಾ, ಕೆಲಸ ಮುಗಿದ ಮೇಲೆ ಸ್ನಾನಕ್ಕೆ ಜಾಗ ಇದೆಯಾ? ಇಲ್ಲ ಅಂದರೆ ಪಾಲಿಕೆಗೆ ಬರೆಯಿರಿ, ನಿಮ್ಮ ಶಾಸಕರಿಗೆ ಬರೆಯಿರಿ. ನಾನೂ ಬರೆಯುತ್ತೇನೆ.