ಅಪ್ಪನ ದಪ್ಪ ಕನ್ನಡಕ, ಅಣ್ಣನ ಮಗಳ ಸೊಂಟ

ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ ಅಪ್ಪನ ಫೋಟೋ ಒಂದಿದೆ. ನಲವತ್ತರ ಪ್ರಾಯಕ್ಕೇ ಕೈಯಲ್ಲಿ ಊರುಗೋಲು, ಕಣ್ಣಿಗೆ ಸೋಡಾ ಬಾಟಲಿಯ ತಳದಂತಹ ಕನ್ನಡಕ. ಊರುಗೋಲಿಗೆ ವಾತ ಕಾರಣವೆಂದೂ, ಮುಂದೆ ಒಂದು ಕಣ್ಣು ಹೋದದ್ದು ಹಣೆಬರಹವೆಂದೂ ನಾವು ಹೇಳಿಕೊಂಡು ಬಂದಿದ್ದೆವು. ಎರಡಕ್ಕೂ ಬೇರು ಒಂದೇ ಎಂದು ತಿಳಿದದ್ದು ಅಣ್ಣನ ಮಗಳಿಗೆ ಹನ್ನೊಂದು ತುಂಬಿದ ಮೇಲೆ.

ಅಂದು ಊಟಕ್ಕೆ ಬಾಳೆ ಹಾಕಿದ್ದರೂ ಅವಳು ಗೋಡೆ ಹಿಡಿದು ನಿಂತೇ ಇದ್ದಳು. "ಅತ್ತೆ, ಕೆಳಗೆ ಕೂತ್ಕಂಬಲೆ ಆಗ್ತಿಲ್ಲೆ" ಎಂದಳು. ಬೆಳೆಯುವ ಮಕ್ಕಳಿಗೆ ಕಾಲುನೋವು ಸಹಜವೆಂದು ಅದಾಗಲೇ ಎರಡು ವರ್ಷ ಎಣ್ಣೆ ತಿಕ್ಕಿದ್ದೆವು. ಆಸ್ಪತ್ರೆಯೊಂದರಲ್ಲಿ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟು ಕಳಿಸಿದ್ದರು. ಬೆಳವಣಿಗೆಯ ನೋವು ಸಾಮಾನ್ಯವಾಗಿ ಸಂಜೆ ಅಥವಾ ರಾತ್ರಿ ಎರಡೂ ಕಾಲುಗಳಲ್ಲಿ ಬಂದು ಬೆಳಗಾಗುವುದರೊಳಗೆ ಇಳಿಯುತ್ತದೆ, ಮಗು ಕುಂಟುವುದಿಲ್ಲ. ಇವಳು ಬೆಳಿಗ್ಗೆಯೂ ಕುಂಟುತ್ತಿದ್ದಳು. ಇಷ್ಟನ್ನು ನಾವು ಗಮನಿಸಬೇಕಿತ್ತು.

ಆಮೇಲೆ ಕಂಡ ವೈದ್ಯರೊಬ್ಬರು ಸೊಂಟದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ದುಂಡಗಿರಬೇಕಾದ ತೊಡೆಮೂಳೆಯ ತಲೆ ಚಪ್ಪಟೆಯಾಗಿರುವುದನ್ನು ತೋರಿಸಿ, "ಮನೆಯಲ್ಲಿ ಇನ್ಯಾರಿಗೆ ಹೀಗಿದೆ?" ಎಂದು ಕೇಳಿದರು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬೆಂಗಳೂರಿಗೆ ಕಳಿಸಿದ ರಕ್ತದ ಪರೀಕ್ಷೆಯಲ್ಲಿ ಸ್ಟಿಕ್ಲರ್ ಸಿಂಡ್ರೋಮ್ ಎಂದು ಬಂತು. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ಗುನ್ನಾರ್ ಸ್ಟಿಕ್ಲರ್ 1965ರಲ್ಲಿ ವಿವರಿಸಿದ ಕಾಯಿಲೆ ಇದು.

ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಗೆ ಗಟ್ಟಿತನ ಕೊಡುವುದು ಎರಡನೇ ಬಗೆಯ ಕಾಲಜನ್ ಎಂಬ ಪ್ರೋಟೀನು. ಮೂರು ಎಳೆಗಳನ್ನು ಹುರಿ ಮಾಡಿದ ಹಗ್ಗದಂತೆ ಅದರ ರಚನೆ. ಇದನ್ನು ತಯಾರಿಸುವ ಸೂಚನೆ ಇರುವ ಸಿಒಎಲ್2ಎ1 ಎಂಬ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ, ಸ್ಟಿಕ್ಲರ್‌ನಲ್ಲಿ ಸಾಮಾನ್ಯವಾಗಿ ಈ ಹಗ್ಗ ಅರ್ಧದಷ್ಟೇ ತಯಾರಾಗುತ್ತದೆ. ಇದೇ ಜೀನಿನ ಬೇರೆ ಕೆಲವು ದೋಷಗಳಲ್ಲಿ ಕೆಟ್ಟ ಎಳೆಯೂ ಹುರಿಯೊಳಗೆ ಸೇರಿಕೊಳ್ಳುತ್ತದೆ. ಅರ್ಧ ಎಳೆಗಳು ಕೆಟ್ಟಿದ್ದರೆ ಮೂರೂ ಎಳೆ ಚೆನ್ನಾಗಿರುವುದು ಎಂಟು ಹಗ್ಗಗಳಲ್ಲಿ ಒಂದರಲ್ಲಿ ಮಾತ್ರ, ಉಳಿದ ಏಳು ಕೆಡುತ್ತವೆ ಎಂಬ ಲೆಕ್ಕ ನನ್ನನ್ನು ಬಹಳ ಹೊತ್ತು ಕಾಡಿತು. ಕಣ್ಣಿನೊಳಗಿನ ಲೋಳೆಯಲ್ಲಿಯೂ ಇದೇ ಕಾಲಜನ್ ಇರುವುದರಿಂದ ಅತಿಯಾದ ಸಮೀಪದೃಷ್ಟಿ ಬರುತ್ತದೆ, ಕಣ್ಣಿನ ಹಿಂಭಾಗದ ಪದರವಾದ ಅಕ್ಷಿಪಟಲ ಹರಿದು ಕಳಚುವ ಅಪಾಯವೂ ಇರುತ್ತದೆ. ಅಪ್ಪನ ಕಣ್ಣು ಹೋದದ್ದು ಹಾಗೆಯೇ ಇರಬೇಕು.

ತಂದೆ ಅಥವಾ ತಾಯಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇಕಡಾ 50. ನಮ್ಮಲ್ಲಿ ಅದು ಬಂದದ್ದು ಅಪ್ಪನಿಂದ ಅಣ್ಣನಿಗೆ, ಅಣ್ಣನಿಂದ ಮಗಳಿಗೆ. ಆದರೆ ಬಸಿರಿನಲ್ಲಿ ಏನು ತಿಂದೆ, ಯಾವ ಪಥ್ಯ ತಪ್ಪಿಸಿದೆ ಎಂದು ಎರಡು ವರ್ಷ ಮಾತು ಕೇಳಿದವಳು ಅತ್ತಿಗೆ. ಹಾಗೆ ಅಂದವರಲ್ಲಿ ನಾನೂ ಒಬ್ಬಳು. ಸಿದ್ದಾಪುರದಾಚೆಯ ಸಾಗರ ತಾಲೂಕಿನಲ್ಲಿ 1970ರ ದಶಕದಲ್ಲಿ ಕೀಲುಗಳನ್ನು ಸವೆಸುವ ಹಂದಿಗೋಡು ಕಾಯಿಲೆ ಕಾಣಿಸಿಕೊಂಡಾಗಲೂ ಕೀಟನಾಶಕ ಬಿದ್ದ ಗದ್ದೆಯ ಏಡಿಯ ಮೇಲೆ ಸಂಶಯ ಹೋಗಿತ್ತು. ಅದು ವಂಶವಾಹಿ ಕಾಯಿಲೆ ಎಂದು ಗೊತ್ತಾದದ್ದು ಆಮೇಲೆ. ಕಾಯಿಲೆ ಬೇರೆಯಾದರೂ ತಿಂದದ್ದನ್ನು ದೂರುವ ನಮ್ಮ ಅಭ್ಯಾಸ ಒಂದೇ.

ಜಾಹೀರಾತಿನ ಕಾಲಜನ್ ಪುಡಿಯನ್ನು ತರಿಸಿಕೊಡಲು ಹೊರಟವರಿಗೂ ಒಂದು ಮಾತು. ತಿಂದ ಕಾಲಜನ್ ಹೊಟ್ಟೆಯಲ್ಲಿ ಚೂರುಚೂರಾಗುತ್ತದೆ. ಜೀನಿನ ತಪ್ಪನ್ನು ಅದು ತಿದ್ದಲಾರದು. ಮೂಲ ದೋಷ ಗುಣವಾಗದಿದ್ದರೂ ಸ್ನಾಯು ಬಲಪಡಿಸುವ ಫಿಸಿಯೋಥೆರಪಿ, ಕೀಲಿನ ಮೇಲೆ ಭಾರ ಬೀಳದ ಈಜಿನಂತಹ ವ್ಯಾಯಾಮ, ಕಿವಿಯ ಪರೀಕ್ಷೆ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಪಾಪೆ ಹಿಗ್ಗಿಸಿ ಮಾಡುವ ಕಣ್ಣಿನ ತಪಾಸಣೆ. ಹರಿದ ಅಕ್ಷಿಪಟಲವನ್ನು ಕಳಚುವ ಮೊದಲೇ ಲೇಸರ್‌ನಿಂದ ಬೆಸೆಯಬಹುದು. ಕೀಲುನೋವಿನ ಮಗುವಿಗೆ ದಪ್ಪ ಕನ್ನಡಕವೂ ಇದ್ದರೆ, ಮನೆಯಲ್ಲಿ ಚಿಕ್ಕ ಪ್ರಾಯದಲ್ಲೇ ಮಂಡಿ ಸವೆದವರಿದ್ದರೆ, ಮೂರು ತಲೆಮಾರಿನ ವಿವರವನ್ನು ಒಂದು ಹಾಳೆಯಲ್ಲಿ ಬರೆದುಕೊಂಡೇ ವೈದ್ಯರ ಬಳಿ ಹೋಗಿ.

ನಮ್ಮ ಹಾಳೆಯನ್ನು ಅತ್ತಿಗೆಯೇ ಬರೆದಳು. ಅದರಲ್ಲಿ ನನ್ನ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆ. ಮುಂದಿನ ವಾರ ಅಣ್ಣನೂ ನಾನೂ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೊರಟಿದ್ದೇವೆ.