ಕೆಟ್ಟ ಕಾಗದದ ಭಾಗ್ಯ

ಸ್ಟ್ಯಾಂಪು ಸಂಗ್ರಹಿಸುವವರಲ್ಲಿ ಎರಡು ಪಂಗಡ. ಒಂದು ಪಂಗಡದವರು ಕವರಿನ ಮೂಲೆ ಕತ್ತರಿಸಿ, ನೀರಲ್ಲಿ ನೆನೆಸಿ, ಸ್ಟ್ಯಾಂಪು ಬಿಡಿಸಿ ಒಣಗಿಸುತ್ತಾರೆ. ಇನ್ನೊಂದು ಪಂಗಡದವರು ಅದನ್ನು ನೋಡಿ ಎದೆ ಬಡಿದುಕೊಳ್ಳುತ್ತಾರೆ. ಉಡುಪಿಯ ನಮ್ಮ ಓಣಿಯ ಮಾಷ್ಟ್ರು ಮೊದಲು ಆ ನೆನೆಸುವ ಪಂಗಡದಲ್ಲಿದ್ದವರು, ಈಗ ಈ ಎದೆ ಬಡಿದುಕೊಳ್ಳುವ ಪಂಗಡದಲ್ಲಿದ್ದಾರೆ. "ಸ್ಟ್ಯಾಂಪು ಬರೀ ಟಿಕೆಟು ಮಾರಾಯ್ರೇ. ಪ್ರಯಾಣದ ಕಥೆ ಬೇಡ್ವಾ?" ಎನ್ನುತ್ತಾರೆ. ಕಥೆ ಇರುವುದು ಕವರಿನ ಹಿಂದೆ ಮುಂದೆ ಬಿದ್ದ ಸೀಲುಗಳಲ್ಲಿ.

ಅವರ ಸಂತೋಷ ಮಾತ್ರ ವಿಚಿತ್ರ. ಸರಿಯಾದ ವಿಳಾಸ, ಸರಿಯಾದ ಸ್ಟ್ಯಾಂಪು, ಎರಡೇ ದಿನಕ್ಕೆ ತಲುಪಿದ ಕಾಗದ ಅಂದರೆ ಮುಖ ತಿರುಗಿಸುತ್ತಾರೆ. ಸ್ಟ್ಯಾಂಪು ಕಮ್ಮಿ ಬಿದ್ದು ಬೇರಿಂಗ್ ಆದದ್ದು, ಅಂದರೆ ಪಡೆಯುವವರೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾದದ್ದು, ಬೇಕು. ಕಮ್ಮಿ ಬಿದ್ದದ್ದರ ಎರಡು ಪಟ್ಟು ಕೊಡಲು ಮನೆಯವರು ಒಪ್ಪದೆ ವಾಪಸು ಹೋದದ್ದು ಇನ್ನೂ ಬೇಕು. ಯುದ್ಧಕಾಲದಲ್ಲಿ ಸೆನ್ಸಾರಿನವರು ಒಡೆದು ಓದಿ ಮತ್ತೆ ಅಂಟಿಸಿದ್ದು ಸಿಕ್ಕಿದರೆ ಆ ದಿನ ಊಟ ತಡ. ಬರೆದವರಿಗೂ ಕಾದವರಿಗೂ ಸಂಕಟ, ಇವರಿಗೆ ಹಬ್ಬ!

ಇವರೊಬ್ಬರೇ ಹೀಗೆ ಅಂದುಕೊಳ್ಳಬೇಡಿ. 1854ರಲ್ಲಿ ಕಲ್ಕತ್ತದಲ್ಲಿ ನಾಲ್ಕಾಣೆ ಸ್ಟ್ಯಾಂಪು ಅಚ್ಚಾಯಿತು. ಕೆಂಪು ಚೌಕಟ್ಟು ಒಂದು ಸಲ, ನೀಲಿ ಬಣ್ಣದ ವಿಕ್ಟೋರಿಯಾ ರಾಣಿಯ ತಲೆ ಇನ್ನೊಂದು ಸಲ. ಹಾಳೆ ಉಲ್ಟಾ ಹೋಯಿತು, ರಾಣಿ ತಲೆಕೆಳಗಾದಳು. ನೆಟ್ಟಗೆ ನಿಂತ ರಾಣಿಗಿಂತ ತಲೆಕೆಳಗಾದ ರಾಣಿಗೇ ಇವತ್ತು ಬೆಲೆ ಜಾಸ್ತಿ.

ನಮ್ಮ ಜಿಲ್ಲೆಯಂತೂ ಇಂಥವರಿಗೆ ಹೇಳಿ ಮಾಡಿಸಿದ್ದು. ಮಾಷ್ಟ್ರ ಅಜ್ಜನ ಕಾಲದ ಕವರುಗಳಲ್ಲಿ ಉಡುಪಿ ಅಂದರೆ ಸೌತ್ ಕೆನರಾ, ಮದ್ರಾಸ್ ಪ್ರಾಂತ್ಯ. 1956ರ ನವೆಂಬರಿನಲ್ಲಿ ಅದೇ ಮನೆ ಮೈಸೂರು ರಾಜ್ಯಕ್ಕೆ ಬಂತು. ಮರುವರ್ಷ ಏಪ್ರಿಲಿನಲ್ಲಿ ಆಣೆ ಹೋಗಿ ನಯಾ ಪೈಸೆ ಬಂತು. 1972ರಲ್ಲಿ ಪಿನ್‌ಕೋಡು, 1973ರಲ್ಲಿ ಕರ್ನಾಟಕ, 1997ರಲ್ಲಿ ಉಡುಪಿಯೇ ಬೇರೆ ಜಿಲ್ಲೆ. ಮನೆ ಇದ್ದಲ್ಲೇ ಇದೆ, ಹಿತ್ತಿಲ ಹಲಸಿನ ಮರವೂ ಇದ್ದಲ್ಲೇ ಇದೆ. ವಿಳಾಸ ಮಾತ್ರ ಊರೂರು ತಿರುಗಿತು. ದಾರಿಯೂ ಅಷ್ಟೇ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಂದ ಐವತ್ತೈದು ಅರವತ್ತು ಕಿಲೋಮೀಟರು ದಾಟಿ ಉಡುಪಿಗೆ ಬರಲು ಅದಕ್ಕೆ 1990ರ ದಶಕವೇ ಬೇಕಾಯಿತು. ನಡುವೆ ಹೊಳೆಗಳೆಷ್ಟು, ಕಡವುಗಳೆಷ್ಟು!

ಆದರೆ ನನಗೆ ಇಷ್ಟವಾದದ್ದು ಮನಿಯಾರ್ಡರಿನ ಕೂಪನ್ನುಗಳ ಕಟ್ಟು, ಅಂದರೆ ಹಣದ ಜೊತೆ ಎರಡು ಮಾತು ಬರೆದು ಕಳಿಸುತ್ತಿದ್ದ ಚೀಟಿಗಳು. ಬೊಂಬಾಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಹುಡುಗರು ಆ ಅಂಗೈ ಅಗಲದ ಜಾಗದಲ್ಲಿ ಒಂದು ಸಂಸಾರ ನಡೆಸುತ್ತಿದ್ದರು. "ಮಳೆಗೆ ಮೊದಲು ಮಾಡು ಹೊದಿಸಿ. ತಂಗಿಯ ಜಾತಕ ಕಳಿಸಿ. ನಾನು ಕ್ಷೇಮ." ಸ್ಟ್ಯಾಂಪೇ ಇಲ್ಲದ ಈ ಚೀಟಿಗಳಿಗೆ ಆಲ್ಬಮ್ಮಿನವರು ಬೆಲೆ ಕೊಡುವುದಿಲ್ಲ. ಅದು ಅವರ ಕರ್ಮ ಅಂತ ನನ್ನ ಅಭಿಪ್ರಾಯ.

ಮಾಷ್ಟ್ರಿಗೆ ಶತ್ರುಗಳು ಇಬ್ಬರು. ಒಂದು, ಹಳೆ ಮನೆಗಳಲ್ಲಿ ಬಂದ ಕಾಗದಗಳನ್ನೆಲ್ಲ ಚುಚ್ಚಿಡುತ್ತಿದ್ದ ಕಬ್ಬಿಣದ ಸರಿಗೆ. ಅದು ತೂರುತ್ತಿದ್ದುದು ಸರಿಯಾಗಿ ಸೀಲಿನ ತಾರೀಕಿನ ಮೇಲೆಯೇ. ಇನ್ನೊಂದು ಮಳೆ. ಆಟಿ ತಿಂಗಳ ಜಡಿಮಳೆಯಲ್ಲಿ, ಬಳಸದ ಸ್ಟ್ಯಾಂಪುಗಳ ಹಿಂದಿನ ಗೋಂದು ತಾನಾಗಿಯೇ ಒದ್ದೆಯಾಗಿ ಪುಟಕ್ಕೆ ಅಂಟುತ್ತದೆ, ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತದೆ. ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ. ಹಾಗಾಗಿ ಚೂರು ಒಣಗಾಳಿ ಬೀಸಿದರೆ ಸಾಕು, ಜಗಲಿಯ ತುಂಬ ಆಲ್ಬಮ್ಮು. ಅವರ ಮನೆಯ ಅಕ್ಕ ಒಗೆದ ಬಟ್ಟೆ ಹಿಡಿದುಕೊಂಡು ಜಾಗ ಹುಡುಕುತ್ತಿರುತ್ತಾರೆ.

2025ರ ಸೆಪ್ಟೆಂಬರ್ 1ಕ್ಕೆ ರಿಜಿಸ್ಟರ್ಡ್ ಪೋಸ್ಟು ಹೋಗಿ ಸ್ಪೀಡ್ ಪೋಸ್ಟಿನೊಳಗೆ ಸೇರಿತಲ್ಲ, ಅದಕ್ಕೆ ಸ್ವಲ್ಪ ಮೊದಲು ಮಾಷ್ಟ್ರು ಒಂದು ಉಪಾಯ ಮಾಡಿದರು. ತಮಗೆ ತಾವೇ ಒಂದು ರಿಜಿಸ್ಟರ್ ಕಾಗದ ಹಾಕಿದರು, ಬೇಕೆಂದೇ ಮನೆ ನಂಬರು ತಪ್ಪಾಗಿ ಬರೆದು. ನಾಲ್ಕು ಕಡೆ ಅಲೆದು, ನಾಲ್ಕು ಸೀಲು ಹೊತ್ತು ಬರಲಿ ಎಂಬ ಆಸೆ. ನಮ್ಮ ಪೋಸ್ಟ್‌ಮ್ಯಾನಿಗೆ ಓಣಿಯ ನಾಯಿಗಳ ಹೆಸರೂ ಗೊತ್ತು. ನೇರ ತಂದು ಕೈಗೆ ಕೊಟ್ಟು, ಸಹಿ ಹಾಕಿಸಿಕೊಂಡು ಹೋದ.

"ಇಷ್ಟು ಚೊಕ್ಕ ಕೆಲಸ ಮಾಡಿದರೆ ಹೇಗೆ ಮಾರಾಯ್ರೇ?" ಎಂದು ಮಾಷ್ಟ್ರು ಎರಡು ದಿನ ಬೇಸರದಲ್ಲಿದ್ದರು. ಮೂರನೆಯ ದಿನ ನಮ್ಮ ಮನೆಗೆ ಬಂದು ಚಹಾ ಕುಡಿದು ಮೆಲ್ಲಗೆ ಕೇಳಿದರು, "ನೀವು ಮೊದಲು ಬೆಂಗಳೂರಲ್ಲಿ ಬಾಡಿಗೆಗಿದ್ದ ಮನೆಯ ವಿಳಾಸ ಇದೆಯಾ?"