ಬೈಕಿನಿಂದ ಬಿದ್ದದ್ದಲ್ಲ ಅದು

ಈ ಬಾರಿ ರಜೆಗೆ ಶಿವಮೊಗ್ಗಕ್ಕೆ ಬಂದಾಗ ಚಿಕ್ಕಪ್ಪನ ಮಗ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದ. ಮಾಚೇನಹಳ್ಳಿ ಕಡೆಯ ಒಂದು ಎರಕದ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ತಿರುವಿನಲ್ಲಿ, ಸರಕು ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟಿನ ಹಿಂಭಾಗ ಬೀಸಿ ಬಂದು ಚಕ್ರ ಪಾದದ ಮೇಲೆ ಹತ್ತಿತ್ತು. ಆಸ್ಪತ್ರೆಯಲ್ಲಿ ಬರೆಸಿದ್ದು ಮಾತ್ರ ಬೈಕಿನಿಂದ ಬಿದ್ದದ್ದೆಂದು. "ಮೇಲಿನವರು ಹಾಗೆ ಹೇಳಿಸಿದರು ಅಣ್ಣ, ಕೆಲಸ ಉಳಿಯಬೇಕಲ್ಲ" ಎಂದ.

ಅಮೆರಿಕದ ನ್ಯೂಜೆರ್ಸಿಯ ಗೋದಾಮಿನಲ್ಲಿ ನಾನು ದಿನವೂ ಇದೇ ಯಂತ್ರಗಳ ನಡುವೆ ಓಡಾಡುತ್ತೇನೆ. ಕಾರಿನಂತಲ್ಲ ಅದು, ತಿರುಗುವುದು ಹಿಂದಿನ ಚಕ್ರಗಳಿಂದ, ಹಾಗಾಗಿ ಬಾಲವೇ ಪಕ್ಕಕ್ಕೆ ಬೀಸುತ್ತದೆ. ಮುಂದೆ ಎತ್ತರದ ಹೊರೆಯಿದ್ದರೆ ಚಾಲಕನಿಗೆ ದಾರಿ ಕಾಣದು, ಹಿಮ್ಮುಖವಾಗಿ ಓಡಿಸಬೇಕು. ಮಗುಚುವಾಗ ಹೊರಗೆ ಹಾರಿದವನು ಅದರಡಿಗೇ ಸಿಕ್ಕಿಬೀಳುವ ಅಪಾಯ ಹೆಚ್ಚು; ಬೆಲ್ಟ್ ಕಟ್ಟಿ ಸ್ಟೇರಿಂಗ್ ಬಿಗಿಹಿಡಿದು ಕೂರಬೇಕೆಂದು ಕಲಿಸುತ್ತಾರೆ. ಅಲ್ಲಿ 18 ತುಂಬದವರು ಅದನ್ನು ಓಡಿಸುವಂತಿಲ್ಲ. ಮೂರು ವರ್ಷಕ್ಕೊಮ್ಮೆಯಾದರೂ ಚಾಲಕನನ್ನು ಪರೀಕ್ಷಿಸಬೇಕು; ಅಪಘಾತ ಕೂದಲೆಳೆಯಲ್ಲಿ ತಪ್ಪಿದರೂ ಮತ್ತೆ ತರಬೇತಿ. ಸಾವುನೋವು ಅಲ್ಲಿಯೂ ನಿಂತಿಲ್ಲ, ನಿಜ. ಆದರೆ ನಮ್ಮ ಗೋದಾಮಿನಲ್ಲಿ ಕೂದಲೆಳೆಯಲ್ಲಿ ತಪ್ಪಿದ ಅಪಘಾತವನ್ನೂ ಬರೆದಿಡುತ್ತಾರೆ. ಊರಿನಲ್ಲಾದರೆ ಸಿಗಂದೂರು ಚೌಡೇಶ್ವರಿಗೆ ಹರಕೆ. ಆ ತಾಯಿಯಲ್ಲಿ ನನಗೂ ನಂಬಿಕೆಯಿದೆ. ಆದರೆ ತಿರುವು ಹಾಗೆಯೇ ಉಳಿದರೆ ನಾಳೆ ಅಲ್ಲಿ ಇನ್ನೊಬ್ಬನ ಕಾಲಿರುತ್ತದೆ.

ಎಚ್ಚರವೇನೂ ನಮ್ಮ ಸೀಮೆಗೆ ಹೊಸದಲ್ಲ. ಮಳೆಗೆ ಅಡಿಕೆ ಮರ ಜಾರುವಾಗ, ಮರ ಹತ್ತಿ ಗೊನೆ ಕೊಯ್ಯುವ ನಮ್ಮ ಕೊನೆಗಾರ "ಇವತ್ತು ಬೇಡ" ಎಂದರೆ ಅಪ್ಪ ಎದುರಾಡುತ್ತಿರಲಿಲ್ಲ. ಹತ್ತುವಾಗ ಕಾಲಿಗೆ ಹಾಕುವ ತಳೆ ಸವೆದಿದ್ದರೆ ಹೊಸದು ಕಟ್ಟಿಕೊಳ್ಳುವ ತನಕ ಎಲ್ಲರೂ ಕಾಯುತ್ತಿದ್ದರು. ಮರ ಹತ್ತುವವನ ಮಾತಿಗೆ ತೋಟದಲ್ಲಿದ್ದ ತೂಕ ಕಾರ್ಖಾನೆಯ ಗೇಟಿನೊಳಗೆ ಏಕಿಲ್ಲ?

ಸುಳ್ಳು ಬರೆಸಿದವರು ತಮ್ಮನಿಗೆ ಅದರ ಬೆಲೆ ಹೇಳಿರಲಿಲ್ಲ. ಕೆಲಸದಲ್ಲಾದ ಗಾಯವೆಂದರೆ ಕಾರ್ಮಿಕರ ವಿಮೆಯಾದ ಇಎಸ್‌ಐನಿಂದ ಕೂಲಿಯ ಶೇ. 90ರಷ್ಟು, ಕೆಲಸಕ್ಕೆ ಮರಳುವಷ್ಟು ಗುಣವಾಗುವ ತನಕ. ಸಾಮಾನ್ಯ ಕಾಯಿಲೆಯ ಲೆಕ್ಕಕ್ಕೆ ಸೇರಿದರೆ ಶೇ. 70, ಅದೂ ವರ್ಷಕ್ಕೆ ಹೆಚ್ಚೆಂದರೆ 91 ದಿನ. ಮುಂದೆ ಪಾದ ಊರಲಾಗದೆ ಉಳಿದರೆ ಕಾಯಂ ಅಂಗವೈಕಲ್ಯದ ಪರಿಹಾರ ಕೇಳಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಇದನ್ನು ಕೇಳಿ ಅವನು ಬಹಳ ಹೊತ್ತು ಮಾತಾಡಲಿಲ್ಲ.

ನಾನು ಹೊರಡುವ ಹಿಂದಿನ ರಾತ್ರಿ ಇಬ್ಬರೂ ಕೂತು ನಡೆದದ್ದನ್ನು ನಡೆದಂತೆ ಬರೆದೆವು: ದಿನ, ಪಾಳಿ, ಆ ತಿರುವು, ಕಂಡ ಇಬ್ಬರ ಹೆಸರು. "ಕೆಲಸ ಹೋದರೆ ಏನಪ್ಪಾ ಗತಿ?" ಎಂದು ಚಿಕ್ಕಮ್ಮ ಬಾಗಿಲಲ್ಲೇ ನಿಂತು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ತಮ್ಮನೇ ಪೆನ್ನು ತೆಗೆದುಕೊಂಡು ಸಹಿ ಹಾಕಿದ.